ದಂಡೆಯ ಊರಿನವರು ನೀರು ಕಲಿಯೋಣ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಐವತ್ತು ವರ್ಷ ತುಂಬಿದ ಈ ಶಾಲೆಯ ಅಂಗಳದಲ್ಲಿ ನಿಂತು ಮಾತನಾಡುವ ಅವಕಾಶ ಸಿಕ್ಕಿದ್ದು ನನ್ನ ಭಾಗ್ಯ. ಸಮಿತಿಯವರು ನನಗೆ ಕೊಟ್ಟಿದ್ದ ವಿಷಯ 'ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಗ್ರಾಮೀಣ ಮಕ್ಕಳಿಗೆ ಅವಕಾಶಗಳು.' ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲ ಇಬ್ಬರು ಇದೇ ಗೋಷ್ಠಿಯಲ್ಲಿ ನನ್ನ ನಂತರ ಮಾತನಾಡಲಿದ್ದಾರೆ. ಹಾಗಾಗಿ ಅವರ ಒಪ್ಪಿಗೆ ಪಡೆದು ನಾನು ಬೇರೆ ವಿಷಯ ಆಯ್ದುಕೊಂಡಿದ್ದೇನೆ. ಮೂರು ವರ್ಷಗಳ ಹಿಂದೆ, ನನ್ನ ಮೂವತ್ತಮೂರನೆಯ ವಯಸ್ಸಿನಲ್ಲಿ, ನಾನು ಹಾಯಿದೋಣಿ ನಡೆಸುವುದನ್ನು ಕಲಿತೆ. ಕಬ್ಬಿನ ನಾಡಿನವನಿಗೆ ಹಾಯಿದೋಣಿ ಯಾಕೆ ಎಂದು ನೀವು ನಗಬಹುದು. ನನ್ನ ಮನೆಯವರೂ ನಕ್ಕಿದ್ದರು. ಆದರೆ ಅಲ್ಲಿ ಕಲಿತ ವಿದ್ಯೆ ನಮ್ಮ ಹೊಳೆ ದಂಡೆಯ ಊರುಗಳಿಗೆ ಬಹಳ ಬೇಕಾದದ್ದು ಎಂದು ನನಗೆ ಅನಿಸಿದೆ. ಅದನ್ನೇ ಇವತ್ತು ಹೇಳುತ್ತೇನೆ.

ಮೊದಲು ನಮ್ಮ ನಾಡಿನ ಮಾತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳ ನಕಾಶೆ ತೆಗೆದು ನೋಡಿ. ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆ ನರಸೋಬವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಸಿಕೊಂಡು ನಮ್ಮ ಕಡೆ ಬರುತ್ತಾಳೆ. ನಿಪ್ಪಾಣಿ ಕಡೆಯಿಂದ ವೇದಗಂಗೆ ಬಂದು ದೂಧಗಂಗೆಯನ್ನು ಸೇರುತ್ತದೆ, ದೂಧಗಂಗೆ ಕೃಷ್ಣೆಯನ್ನು ಸೇರುತ್ತದೆ. ಯಡೂರು, ಮಾಂಜರಿ, ಅಂಕಲಿ, ಇಂಗಳಿ, ಜುಗೂಳ, ಉಗಾರ, ಕುಡಚಿ ಹೀಗೆ ದಂಡೆಯುದ್ದಕ್ಕೂ ಊರುಗಳು. ಈ ಹೊಳೆಗಳಿಂದಲೇ ನಮಗೆ ಕಬ್ಬು ಬಂತು, ಸಕ್ಕರೆ ಕಾರ್ಖಾನೆ ಬಂತು, ನಮ್ಮಂಥವರ ಕಾಲೇಜಿನ ಶುಲ್ಕವೂ ಬಂತು. ನಾನು ಬಿ.ಇ. ಓದಿದ್ದು ಹೊಳೆ ನೀರಿನ ಕಬ್ಬಿನ ಬಿಲ್ಲಿನ ಮೇಲೆ.

ಅದೇ ಹೊಳೆ 2005ರಲ್ಲಿ ಬಂತು, 2019ರ ಆಗಸ್ಟ್‌ನಲ್ಲಿ ಬಂತು, 2021ರ ಜುಲೈನಲ್ಲಿ ಮತ್ತೆ ಬಂತು. ನಮ್ಮ ಕಡೆ 'ಹೊಳೆ ಬಂತು' ಎಂದರೆ ಸಾಕು, ಮಹಾಪೂರ ಎಂದು ಬಿಡಿಸಿ ಹೇಳಬೇಕಿಲ್ಲ. ಘಟ್ಟದಲ್ಲಿ ಮಳೆ ಜೋರಾದರೆ, ಕೊಯ್ನಾ ತುಂಬಿ ನೀರು ಬಿಟ್ಟರೆ, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬರುತ್ತಿದೆ ಎಂದು ಮನೆಮನೆಯಲ್ಲಿ ಲೆಕ್ಕ ಶುರುವಾಗುತ್ತದೆ. ಕಲ್ಲೋಳ–ಯಡೂರು, ಕಾರದಗಾ–ಭೋಜ, ಮಲಿಕವಾಡ–ದತ್ತವಾಡ, ಜತ್ರಾಟ–ಭಿವಶಿ ಸೇತುವೆಗಳು ಪ್ರತಿ ಮಳೆಗಾಲದಲ್ಲೂ ಮುಳುಗಿದ ಸುದ್ದಿ ಬರುತ್ತದೆ. ಮುಳುಗಡೆಯ ಲೆಕ್ಕ ನಮಗೆ ಬಾಯಿಪಾಠ.

ಇಷ್ಟು ನೀರಿನ ನಡುವೆ ಬಾಳುವ ನಮಗೆ ನೀರಿನಲ್ಲಿ ಇರುವುದು ಎಷ್ಟು ಗೊತ್ತು? ನನ್ನ ತರಗತಿಯ ಹುಡುಗರಲ್ಲಿ ಅರ್ಧದಷ್ಟು ಜನ ಈಸು ಕಲಿತದ್ದು ಬಾವಿಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ, ಖಾಲಿ ಡಬ್ಬಿಯನ್ನೋ ಕಟ್ಟಿ ಕಾಕಾ ಅಥವಾ ಮಾಮಾ ಮೇಲಿಂದ ನೂಕುತ್ತಿದ್ದರು. ಬಂದವನಿಗೆ ಬಂತು, ಹೆದರಿದವನು ಮತ್ತೆಂದೂ ಬಾವಿಯ ಕಡೆ ಹೋಗಲಿಲ್ಲ. ನಾನು ಹೆದರಿದವರ ಸಾಲಿನವನು. ಹುಡುಗಿಯರ ಮಾತು ಬಂದರೆ ನಮ್ಮ ತರಗತಿಯಲ್ಲಿ ಒಬ್ಬಳಿಗೂ ಈಸು ಬರುತ್ತಿರಲಿಲ್ಲ. ಬಟ್ಟೆ ಒಗೆಯಲು ದಿನಾ ಹೊಳೆಗೆ ಇಳಿಯುವವರು ಅವರೇ. ನೀರು ಮೊಣಕಾಲು ದಾಟಿದರೆ ಏನು ಮಾಡಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ.

ನಾವು ಒಂಬತ್ತನೆಯ ತರಗತಿಯಲ್ಲಿದ್ದಾಗ ಕಾರಹುಣ್ಣಿಮೆಯ ದಿನ ಎತ್ತು ಮೈ ತೊಳೆಯಲು ಹೋದ ನಮ್ಮ ಒಬ್ಬ ಸಹಪಾಠಿ ತಿರುಗಿ ಬರಲಿಲ್ಲ. ಹೆಸರು ಹೇಳುವುದಿಲ್ಲ, ಅವನ ಮನೆಯವರು ಈ ಸಭೆಯಲ್ಲಿದ್ದಾರೆ. ಮರುದಿನ ಗುರುಗಳು ಹಾಜರಿ ಕರೆಯುವಾಗ ಆ ಹೆಸರಿನ ಮುಂದೆ ತಡೆದು ನಿಂತದ್ದು ನನ್ನ ಜೊತೆಯವರಿಗೆಲ್ಲ ನೆನಪಿದೆ. ಅವನು ನಮ್ಮಲ್ಲಿ ಬಲಶಾಲಿ ಹುಡುಗನಾಗಿದ್ದ. ನೀರಿನ ಮುಂದೆ ಬಲ ಬೇರೆ, ವಿದ್ಯೆ ಬೇರೆ ಎಂಬುದು ನನಗೆ ಅರ್ಥವಾದದ್ದು ಬಹಳ ವರ್ಷಗಳ ಮೇಲೆ.

2019ರ ಮಹಾಪೂರದಲ್ಲಿ ಎನ್‌ಡಿಆರ್‌ಎಫ್‌ನವರು, ಸೇನೆಯವರು ರಬ್ಬರ್ ದೋಣಿ ತಂದು ಜನರನ್ನು ಸಾಗಿಸಿದರು. ಆಗ ಊರಿಗೆ ಬಂದಿದ್ದ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಮನೆಯ ಕಟ್ಟೆಗೆ ನೀರು ಹತ್ತಿದೆ, ದೋಣಿ ಬಾಗಿಲಿಗೆ ಬಂದು ನಿಂತಿದೆ, ಆದರೂ ಹಿರಿಯ ತಾಯಂದಿರು ದೋಣಿಗೆ ಕಾಲಿಡಲು ಒಲ್ಲೆ ಎನ್ನುತ್ತಿದ್ದರು. ಕುಸಿಯುತ್ತಿರುವ ಮಣ್ಣಿನ ಗೋಡೆಗಿಂತ ಅಲುಗಾಡುವ ದೋಣಿಯ ಅಂಜಿಕೆಯೇ ಹೆಚ್ಚಾಗಿತ್ತು. ಹತ್ತಿದ ಕೆಲವರು ಹೆದರಿ ಒಂದೇ ಕಡೆಗೆ ಎದ್ದು ನಿಂತಾಗ ದೋಣಿ ವಾಲುತ್ತಿತ್ತು. ಲೈಫ್ ಜಾಕೆಟ್ ಕೊಟ್ಟರೆ ಅದರ ಪಟ್ಟಿ ಹೇಗೆ ಬಿಗಿಯಬೇಕೆಂದು ತಿಳಿಯದೆ ಹೆಗಲ ಮೇಲೆ ಹಾಕಿಕೊಂಡು ಕುಳಿತವರೂ ಇದ್ದರು. ಅವರ ತಪ್ಪು ಏನೂ ಇಲ್ಲ. ಆಪತ್ತಿನ ದಿನವೇ ಮೊದಲ ಪಾಠ ಆಗಬಾರದಿತ್ತು, ಅಷ್ಟೇ.

ಈ ಅಂಜಿಕೆ ನನ್ನೊಳಗೂ ಇತ್ತು. ಬೆಂಗಳೂರಿನ ನನ್ನ ಸಹೋದ್ಯೋಗಿಗಳು ಗೋವಾಕ್ಕೆ ಹಾಯಿದೋಣಿ ಕಲಿಯಲು ಹೊರಟಾಗ ನಾನೂ ಹೊರಟದ್ದು ಅದಕ್ಕಾಗಿಯೇ. ದೋನಾ ಪಾವ್ಲಾ ಹತ್ತಿರದ ದಂಡೆಯಲ್ಲಿ ವಯಸ್ಕರಿಗಾಗಿ ನಡೆಯುವ ಶಿಬಿರ ಅದು. ನಮ್ಮ ತಂಡದಲ್ಲಿ ಆರು ಜನ. ಅವರಲ್ಲಿ ಐವತ್ತೆಂಟು ವರ್ಷದ ಬ್ಯಾಂಕ್ ನೌಕರರೊಬ್ಬರು, ಇಬ್ಬರು ಮಕ್ಕಳ ತಾಯಿಯೊಬ್ಬರು ಇದ್ದರು. ಕಲಿಸುವವರು ಕೊಂಕಣಿ, ಮರಾಠಿ, ಹಿಂದಿ ಬೆರೆಸಿ ಮಾತನಾಡುತ್ತಿದ್ದರು. ಗಡಿಯವನಾದ ನನಗೆ ಅವರ ಮಾತು ಎಲ್ಲರಿಗಿಂತ ಬೇಗ ತಿಳಿಯುತ್ತಿತ್ತು. ನಿಪ್ಪಾಣಿ ಸಂತೆಯಲ್ಲಿ ಕಲಿತ ಮರಾಠಿ ಸಮುದ್ರದಲ್ಲಿ ಉಪಯೋಗಕ್ಕೆ ಬಂತು.

ಮೊದಲ ದಿನ ಅವರು ದೋಣಿಯನ್ನು ನೀರಿಗೆ ಇಳಿಸಲೇ ಇಲ್ಲ. ಮರಳಿನ ಮೇಲೆ ದೋಣಿ ಇಟ್ಟು ಅದರಲ್ಲಿ ಕೂರಿಸಿದರು. ಇದು ಚುಕ್ಕಾಣಿ, ಇದು ಅದರ ಹಿಡಿಕೆ. ಹಿಡಿಕೆಯನ್ನು ಎಡಕ್ಕೆ ದೂಡಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಇದು ಹಾಯಿಯ ಕೆಳಗಿನ ಅಡ್ಡಗಳು, ಇದಕ್ಕೆ ಬೂಮ್ ಎನ್ನುತ್ತಾರೆ. ಗಾಳಿ ಬದಲಾದಾಗ ಇದು ಈ ಬದಿಯಿಂದ ಆ ಬದಿಗೆ ಬೀಸಿ ಬರುತ್ತದೆ, ತಲೆ ಬಗ್ಗಿಸಬೇಕು. ಇದು ಹಾಯಿಯನ್ನು ಎಳೆಯುವ ಹಗ್ಗ. ನಡುವೆ ಕೆಳಕ್ಕೆ ಇಳಿದಿರುವ ಹಲಗೆ ದೋಣಿ ಅಡ್ಡಕ್ಕೆ ಜಾರದಂತೆ ತಡೆಯುತ್ತದೆ. ಇಷ್ಟನ್ನೂ ಮರಳಿನ ಮೇಲೆ ಕುಳಿತು ಹತ್ತಾರು ಸಲ ಮಾಡಿಸಿದರು. ಬದಿ ಬದಲಿಸುವುದು, ಬಗ್ಗುವುದು, ಹಗ್ಗ ಬಿಡುವುದು. ನೆಲದ ಮೇಲೆ ಕೈಗೆ ರೂಢಿಯಾದದ್ದು ನೀರಿನ ಮೇಲೆ ತಾನಾಗಿ ಬರುತ್ತದೆ ಎಂಬುದು ಅವರ ಲೆಕ್ಕ.

ಎರಡನೆಯ ದಿನ ಲೈಫ್ ಜಾಕೆಟ್ ಹಾಕಿಸಿ, ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿ, ಸೊಂಟಮಟ್ಟದ ನೀರಿಗೆ ಇಳಿಸಿದರು. ಈಜಿ ಎಂದು ಹೇಳಲಿಲ್ಲ. ಬೆನ್ನ ಮೇಲೆ ಮಲಗಿ, ತಲೆ ಹಿಂದಕ್ಕೆ ಚೆಲ್ಲಿ, ಕೈ ಅಗಲಿಸಿ, ಆಕಾಶ ನೋಡುತ್ತ ಉಸಿರು ಎಣಿಸಿ ಎಂದರು. ಇಪ್ಪತ್ತರವರೆಗೆ ಎಣಿಸಿದೆ. ಮುಳುಗಲಿಲ್ಲ. ಐವತ್ತರವರೆಗೆ ಎಣಿಸಿದೆ. ಹುಟ್ಟಿದಂದಿನಿಂದ ಅಂಜಿದ್ದ ನೀರು ನನ್ನನ್ನು ಅಂಗೈ ಮೇಲೆ ಇಟ್ಟುಕೊಂಡ ಹಾಗೆ ಹೊತ್ತಿತ್ತು.

ವಿದ್ಯಾರ್ಥಿಗಳೇ, ಇದು ನಿಮ್ಮ ಒಂಬತ್ತನೆಯ ತರಗತಿಯ ವಿಜ್ಞಾನದ ಪಾಠವೇ. ಆರ್ಕಿಮಿಡೀಸ್ ತತ್ವ. ನಮ್ಮ ದೇಹದ ಸಾಂದ್ರತೆ ಹೆಚ್ಚು ಕಡಿಮೆ ನೀರಿನಷ್ಟೇ. ಪುಪ್ಪುಸದ ತುಂಬ ಗಾಳಿ ಇದ್ದರೆ ಬಹುತೇಕ ಜನ ತೇಲುತ್ತಾರೆ. ಮುಳುಗುತ್ತೇವೆ ಎಂದು ಕೈಯನ್ನು ಮೇಲೆತ್ತಿ ಕೂಗಿದಾಗ, ಎತ್ತಿದ ಕೈಯ ಭಾರ ತಲೆಯನ್ನು ಕೆಳಕ್ಕೆ ಒತ್ತುತ್ತದೆ, ಗಾಳಿ ಖಾಲಿಯಾಗುತ್ತದೆ. ದೊಡ್ಡವರ ತಲೆಯನ್ನು ನೀರಿನ ಮೇಲಿಡಲು ಬೇಕಾದ ಹೆಚ್ಚುವರಿ ಎತ್ತುಬಲ ಬಹಳ ಕಡಿಮೆ. ಹಾಯಿದೋಣಿಯವರು ತೊಡುವ ಹಗುರ ಜಾಕೆಟ್ ಕೊಡುವುದು ಸುಮಾರು 50 ನ್ಯೂಟನ್, ಅಂದರೆ ಐದು ಕಿಲೋ ತೂಕದಷ್ಟು ಬಲ. ನಿಮ್ಮ ಅಡುಗೆಮನೆಯಲ್ಲಿರುವ ಐದು ಲೀಟರಿನ ಎಣ್ಣೆ ಡಬ್ಬಿಯನ್ನು ಖಾಲಿ ಮಾಡಿ ಮುಚ್ಚಳ ಬಿಗಿದರೆ ಅದೂ ಹತ್ತಿರ ಹತ್ತಿರ ಅಷ್ಟೇ ಎತ್ತುಬಲ ಕೊಡುತ್ತದೆ. ನಮ್ಮ ಹಿರಿಯರ ಸೋರೆಬುರುಡೆಯ ಹಿಂದೆ ಇದ್ದ ವಿಜ್ಞಾನವೂ ಇದೇ.

ಮೂರನೆಯ ದಿನದ ಪಾಠ ಎಲ್ಲಕ್ಕಿಂತ ದೊಡ್ಡದು. ದೋಣಿಯನ್ನು ಬೇಕೆಂದೇ ಮಗುಚಿಸಿದರು. 'ಯಾವುದಕ್ಕೆ ಹೆದರುತ್ತೀರೋ ಅದನ್ನು ಮೊದಲು ಮಾಡಿ ಮುಗಿಸೋಣ' ಎಂಬುದು ಅಲ್ಲಿಯ ಪದ್ಧತಿ. ಸಣ್ಣ ಹಾಯಿದೋಣಿಯ ಒಡಲಲ್ಲಿ ಗಾಳಿ ತುಂಬಿದ ಪೆಟ್ಟಿಗೆಗಳಿರುತ್ತವೆ. ಅದು ಮಗುಚಿದರೂ ಮುಳುಗುವುದಿಲ್ಲ, ಹಾಯಿಯನ್ನು ನೀರಿನ ಮೇಲೆ ಹಾಸಿಕೊಂಡು ಬದಿಗೆ ಮಲಗುತ್ತದೆ. ಆಗ ಮಾಡುವ ಕೆಲಸ ಇಷ್ಟು. ಮೊದಲು ಜೊತೆಗಾರನ ಹೆಸರು ಕೂಗಿ ಅವನಿದ್ದಾನೆಂದು ಖಚಿತ ಮಾಡಿಕೊಳ್ಳಬೇಕು. ದೋಣಿಯ ಹಿಡಿತ ಬಿಡದೆ ಅದರ ತಳದ ಕಡೆಗೆ ಸುತ್ತಿಹೋಗಬೇಕು. ನಡುವಿನ ಹಲಗೆ ಹೊರಗೆ ಚಾಚಿರುತ್ತದೆ, ಅದನ್ನು ಹಿಡಿದು ಅದರ ಮೇಲೆ ಮೈಭಾರ ಹಾಕಬೇಕು. ಒಂದೆರಡು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಹಾಯಿ ನೀರಿನಿಂದ ಬಿಡಿಸಿಕೊಂಡು ಏಳುತ್ತದೆ, ದೋಣಿ ನಿಧಾನಕ್ಕೆ ನೆಟ್ಟಗಾಗುತ್ತದೆ. ಯಾರೇ ಆಗಲಿ ಈಜಿ ದಡ ಸೇರುತ್ತೇನೆಂದು ದೋಣಿ ಬಿಟ್ಟು ಹೋಗಬಾರದು, ಇದು ಅಲ್ಲಿ ಮುರಿಯಲಾಗದ ನಿಯಮ. ನೀರಿನಲ್ಲಿ ಒಂದು ತಲೆ ದೂರದಿಂದ ಕಾಣುವುದಿಲ್ಲ, ಒಂದು ದೋಣಿ ಕಾಣುತ್ತದೆ.

ನನ್ನ ಸರದಿ ಬಂದಾಗ ಎದೆ ಹೊಡೆದುಕೊಳ್ಳುತ್ತಿತ್ತು. ಮೊದಲ ಸಲ ಮಗುಚಿದಾಗ ಉಪ್ಪುನೀರು ಮೂಗಿಗೆ ಹೋಯಿತು, ಕೈ ನಡುಗಿತು, ಕಲಿಸುವವರ ದೋಣಿ ಹತ್ತು ಮಾರು ದೂರದಲ್ಲೇ ನಿಂತಿತ್ತು. ಎರಡನೆಯ ಸಲ ಸುತ್ತಿಹೋಗುವ ದಾರಿ ಗೊತ್ತಿತ್ತು. ಐದನೆಯ ಸಲ ನಾವು ನಗುತ್ತಿದ್ದೆವು. ಬ್ಯಾಂಕಿನ ಹಿರಿಯರು ಮಾತ್ರ ಆ ದಿನ ನೀರಿನಿಂದ ಹೊರಗೆ ಬಂದು ಬಿಟ್ಟರು. ಯಾರೂ ಅವರನ್ನು ಒತ್ತಾಯಿಸಲಿಲ್ಲ, ಹಂಗಿಸಲೂ ಇಲ್ಲ. ಮರುದಿನ ಅವರೇ ಬಂದು, ಮೊದಲು ಸೊಂಟಮಟ್ಟದ ನೀರಿನಲ್ಲಿ ಮಗುಚಿಸೋಣ ಎಂದರು. ಹಾಗೇ ಮಾಡಿದರು. ನಾಲ್ಕನೆಯ ದಿನ ಆಳದಲ್ಲಿ ಅವರೇ ನನ್ನ ಜೊತೆಗಾರರು.

ದೊಡ್ಡವರು ಕಲಿಯುವುದಕ್ಕೂ ಮಕ್ಕಳು ಕಲಿಯುವುದಕ್ಕೂ ಒಂದು ವ್ಯತ್ಯಾಸ ನನಗೆ ಅಲ್ಲಿ ಕಂಡಿತು. ಮಗು ಬಿದ್ದರೆ ಎದ್ದು ಆಡುತ್ತದೆ. ದೊಡ್ಡವರಿಗೆ ಬೀಳುವ ಮೊದಲೇ ಹತ್ತು ಪರಿಣಾಮ ಹೊಳೆಯುತ್ತವೆ, ಜನ ನೋಡುತ್ತಾರೆಂಬ ನಾಚಿಕೆ ಬೇರೆ. ಬಾವಿಗೆ ನೂಕುವ ಪದ್ಧತಿ ದೊಡ್ಡವರ ಮೇಲೆ ನಡೆಯುವುದಿಲ್ಲ. ಅವರಿಗೆ ಕಾರಣ ತಿಳಿಸಬೇಕು, ಮೆಟ್ಟಿಲು ಸಣ್ಣದಿರಬೇಕು, ಬೇಡವೆನಿಸಿದಾಗ ಹೊರಬರುವ ದಾರಿ ಇರಬೇಕು, ಕೈಗೆ ಒಂದು ಕೆಲಸ ಕೊಟ್ಟಿರಬೇಕು. ಹಗ್ಗ ಹಿಡಿದು ಗಾಳಿಯನ್ನು ಗಮನಿಸುವವನಿಗೆ ಹೆದರಲು ಪುರುಸೊತ್ತು ಇರುವುದಿಲ್ಲ. ಧೈರ್ಯ ಎಂಬುದು ಹುಟ್ಟುಗುಣ ಎಂದು ನಾನು ನಂಬಿದ್ದೆ. ಅಲ್ಲಿ ಅದನ್ನು ದಿನಕ್ಕೊಂದು ಪಾಠವಾಗಿ ಕಲಿಸುವುದನ್ನು ನೋಡಿದೆ.

ಗಾಳಿಯ ಪಾಠವನ್ನೂ ಎರಡು ಮಾತಿನಲ್ಲಿ ಹೇಳುತ್ತೇನೆ. ಯಾವ ಹಾಯಿದೋಣಿಯೂ ಗಾಳಿಗೆ ನೇರ ಎದುರಾಗಿ ಹೋಗಲಾರದು. ಎದುರುಗಾಳಿಯ ಎರಡೂ ಬದಿಗೆ ಸುಮಾರು 45 ಡಿಗ್ರಿಯಷ್ಟು ಜಾಗದಲ್ಲಿ ಹಾಯಿ ಪಟಪಟ ಬಡಿದುಕೊಳ್ಳುತ್ತದೆ, ದೋಣಿ ನಿಲ್ಲುತ್ತದೆ. ಎದುರಿಗಿರುವ ಜಾಗಕ್ಕೆ ಹೋಗಬೇಕಾದರೆ ಒಮ್ಮೆ ಈ ಓರೆ, ಒಮ್ಮೆ ಆ ಓರೆ ಹೋಗಬೇಕು. ಘಾಟಿನ ರಸ್ತೆಯ ಹಾಗೆ. ಗಾಳಿ ಜೋರಾಗಿ ದೋಣಿ ವಾಲಿದಾಗ ಹೊಸಬರು ಹೆದರಿ ಹಗ್ಗವನ್ನು ಇನ್ನೂ ಬಿಗಿಯಾಗಿ ಎಳೆಯುತ್ತಾರೆ, ಆಗ ದೋಣಿ ಮಗುಚುತ್ತದೆ. ಮಾಡಬೇಕಾದದ್ದು ಹಗ್ಗವನ್ನು ಸಡಿಲಿಸುವುದು. ಹಾಯಿಯಿಂದ ಗಾಳಿ ಸೋರಿ ದೋಣಿ ತಾನೇ ನೆಟ್ಟಗಾಗುತ್ತದೆ. ದೋಣಿಯನ್ನು ಓಡಿಸುವುದಕ್ಕಿಂತ ಮೊದಲು ನಿಲ್ಲಿಸುವುದನ್ನು ಅವರು ಕಲಿಸಿದ್ದರು. ನಿಲ್ಲಿಸಲು ಬರುತ್ತದೆ ಎಂದು ಗೊತ್ತಾದ ಮೇಲೆ ಮನಸ್ಸಿಗೆ ಬಹಳ ಸಮಾಧಾನ.

ದೊಡ್ಡವರಾದ ಮೇಲೆ ಕಲಿತು ಎಷ್ಟು ದೂರ ಹೋಗಬಹುದು ಎಂದು ಕೇಳುವವರಿಗೆ ನಮ್ಮ ದೇಶದಲ್ಲೇ ಉತ್ತರವಿದೆ. ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟಿ ಗೋವಾಕ್ಕೆ ಹರಿಯುವ ಮಹದಾಯಿ ನದಿ ನಿಮಗೆಲ್ಲ ಗೊತ್ತು. ಆ ನದಿಯ ಹೆಸರನ್ನೇ ನೌಕಾಪಡೆ ತನ್ನ ಹಾಯಿನೌಕೆಗೆ ಇಟ್ಟಿತು. ಗೋವಾದಲ್ಲೇ ಕಟ್ಟಿದ ಆ 'ಮ್ಹಾದೇಯಿ' ನೌಕೆಯಲ್ಲಿ ದಿಲೀಪ್ ದೋಂಡೆ ಅವರು 2009–10ರಲ್ಲಿ ಒಬ್ಬರೇ ಪ್ರಪಂಚ ಸುತ್ತಿದರು. ಅಭಿಲಾಷ್ ಟೋಮಿ ಅವರು 2012–13ರಲ್ಲಿ ಅದೇ ನೌಕೆಯಲ್ಲಿ ಎಲ್ಲಿಯೂ ನಿಲ್ಲದೆ ಒಬ್ಬರೇ ಸುತ್ತಿ ಬಂದರು. ಆಮೇಲೆ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ವರ್ತಿಕಾ ಜೋಶಿ ಅವರ ನಾಯಕತ್ವದಲ್ಲಿ 'ತಾರಿಣಿ' ಎಂಬ ನೌಕೆಯಲ್ಲಿ 2017ರ ಸೆಪ್ಟೆಂಬರ್ 10ರಂದು ಗೋವಾ ಬಿಟ್ಟು, 2018ರ ಮೇ 21ರಂದು ಪ್ರಪಂಚ ಸುತ್ತಿ ಗೋವಾಕ್ಕೇ ಮರಳಿದರು. ವರ್ತಿಕಾ ಅವರು ಋಷಿಕೇಶದ ಕಡೆಯವರು, ವಿಜಯಾದೇವಿ ಅವರು ಮಣಿಪುರದವರು. ಸಮುದ್ರವಿಲ್ಲದ ನಾಡಿನಿಂದ ಬಂದವರು ದೊಡ್ಡವರಾದ ಮೇಲೆ 'ಮ್ಹಾದೇಯಿ'ಯ ಮೇಲೆ ತರಬೇತಿ ಪಡೆದು ಇಷ್ಟು ದೂರ ಹೋದರು. 2024ರ ಅಕ್ಟೋಬರ್‌ನಿಂದ 2025ರ ಮೇ ತಿಂಗಳವರೆಗೆ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು ಅದೇ 'ತಾರಿಣಿ'ಯಲ್ಲಿ ಮತ್ತೆ ಪ್ರಪಂಚ ಸುತ್ತಿದರು.

ಅವರು ನೌಕಾಪಡೆಯವರು, ನಾವು ಸರಕಾರಿ ಶಾಲೆಯವರು ಎಂದು ಕೈಬಿಡಬೇಡಿ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಯಾಟ್ ಕ್ಲಬ್ ಆಫ್ ಹೈದರಾಬಾದ್ ಬಡ ಕುಟುಂಬಗಳ ಮಕ್ಕಳಿಗೆ ಹಾಯಿದೋಣಿ ಕಲಿಸುತ್ತದೆ. ಆ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದಿದ್ದಾರೆ. ಸಮುದ್ರದಿಂದ ಹೈದರಾಬಾದು ನಮಗಿಂತ ದೂರ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪಿನವರು ಹಾಯಿದೋಣಿ ನಡೆಸುವುದನ್ನು ದಾರಿಹೋಕರೂ ನೋಡಬಹುದು. ನಮ್ಮದೇ ಪರಂಪರೆಯಲ್ಲಿ ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನವರು ದೋಣಿ ನಡೆಸುತ್ತ ವಚನ ಬರೆದವರು. ನೀರಿನ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ಸೇತುವೆಗಳು ಬಂದ ಮೇಲೆ ಅಂಬಿಗರ ಜೊತೆಗೆ ಆ ವಿದ್ಯೆಯೂ ದಂಡೆಯ ಊರುಗಳಿಂದ ಸರಿದು ಹೋಯಿತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮುಂದಿನ ಸಾಲಿನ ಹುಡುಗರು ಗಮನವಿಟ್ಟು ಕೇಳಿ. ನನ್ನ ಮಾತು ಕೇಳಿ ಯಾರೂ ನಾಳೆ ಹೊಳೆಗೆ ಹಾರಬೇಡಿ. ಹೊಳೆ ಬಂದಾಗ ಎಂಥ ಈಜುಗಾರನೂ ನೀರಿಗೆ ಇಳಿಯಬಾರದು. ರಭಸದ ನೀರು ಅರ್ಧ ಅಡಿ ಇದ್ದರೂ ನಿಂತ ಮನುಷ್ಯನ ಕಾಲು ಕೀಳಬಲ್ಲದು, ಎರಡು ಅಡಿ ಇದ್ದರೆ ಕಾರನ್ನು ತೇಲಿಸಿಕೊಂಡು ಹೋಗುತ್ತದೆ. ಆದ್ದರಿಂದ ಸೇತುವೆಯ ಮೇಲೆ ನೀರು ಹರಿಯುವಾಗ ಬೈಕ್ ದಾಟಿಸುವುದು ಪೌರುಷದ ಕೆಲಸ ಅಲ್ಲವೇ ಅಲ್ಲ. ಬ್ಯಾರೇಜಿನ ಕೆಳಬದಿಯಲ್ಲಿ ನೀರು ಧುಮುಕಿ ಹಿಂದಕ್ಕೆ ಸುರುಳಿ ಸುತ್ತುತ್ತದೆ. ಮೇಲಿನಿಂದ ಶಾಂತವಾಗಿ ಕಂಡರೂ ಅದರೊಳಗೆ ಸಿಕ್ಕ ಮರದ ದಿಮ್ಮಿ ಗಂಟೆಗಟ್ಟಲೆ ಅಲ್ಲೇ ತಿರುಗುತ್ತಿರುತ್ತದೆ, ಹೊರಗೆ ಬರುವುದಿಲ್ಲ. ಮನುಷ್ಯನಿಗೂ ಅದೇ ಗತಿ. ಮೇಲಾಗಿ ಕೃಷ್ಣೆಯಲ್ಲಿ ಮೊಸಳೆಗಳಿವೆ. ಕಲಿಯುವ ಜಾಗ ಹೊಳೆಯಲ್ಲ. ಕಲಿಯಬೇಕಾದದ್ದು ಈಜುಕೊಳದಲ್ಲಿ, ಕಾವಲಿರುವ ನಿಂತ ನೀರಿನಲ್ಲಿ, ಕಲಿಸುವವರ ಕಣ್ಣೆದುರಿಗೆ.

ಇನ್ನೊಬ್ಬರು ಮುಳುಗುವಾಗ ಕಾಪಾಡಲು ಹಾರಿದವರೂ ಮುಳುಗಿದ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ? ಮುಳುಗುತ್ತಿರುವವನು ಕೈಗೆ ಸಿಕ್ಕದ್ದನ್ನು ತಬ್ಬಿ ಕೆಳಕ್ಕೆ ಒತ್ತುತ್ತಾನೆ, ಅದು ಅವನ ವಶದಲ್ಲಿಲ್ಲ. ದಂಡೆಯ ಮೇಲೆ ಮಲಗಿ ಬಡಿಗೆ ಚಾಚಿ. ಹಗ್ಗ ಎಸೆಯಿರಿ. ಹಗ್ಗ ಇಲ್ಲದಿದ್ದರೆ ಸೀರೆ, ಧೋತರ, ಪಂಚೆ ಎಸೆಯಿರಿ. ಮುಚ್ಚಳ ಬಿಗಿದ ಖಾಲಿ ಕ್ಯಾನು ಎಸೆಯಿರಿ. ಕೂಗಿ ಜನ ಕೂಡಿಸಿ. ಇಷ್ಟನ್ನು ಎಂಟನೆಯ ತರಗತಿಯ ಹುಡುಗಿಯೂ ಮಾಡಬಲ್ಲಳು.

ಒಂದೇ ಒಂದು ಅಂಕಿ ಹೇಳಿ ಮುಂದಕ್ಕೆ ಹೋಗುತ್ತೇನೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ಅಂದರೆ ದಿನಕ್ಕೆ ನೂರು ಜನ. ಈ ಸಾವುಗಳನ್ನು ತಡೆಯಲೆಂದೇ ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ವಿಶೇಷ ದಿನವೆಂದು ಸಾರಿತು. ನಮ್ಮಲ್ಲಿ ಹೊಳೆ ಏರುವುದೂ ಅದೇ ವಾರ. ಬಾಂಗ್ಲಾದೇಶ ನಮಗಿಂತ ಹೆಚ್ಚು ನೀರಿನ ನಾಡು. ಅಲ್ಲಿಯ ಹಳ್ಳಿಗಳಲ್ಲಿ ಕೆರೆಯೊಳಗೆ ಬಿದಿರಿನ ಕಟಾಂಜನ ಕಟ್ಟಿ, ಅದರೊಳಗೆ ಮಕ್ಕಳನ್ನು ಇಳಿಸಿ ಈಜು ಕಲಿಸುತ್ತಾರೆ. ದುಡ್ಡಿದ್ದವರ ಈಜುಕೊಳವೇ ಬೇಕೆಂದೇನೂ ಇಲ್ಲ ಎಂಬುದಕ್ಕೆ ಈ ಮಾತು.

ಈಗ ನನ್ನ ಪ್ರಾರ್ಥನೆಗೆ ಬರುತ್ತೇನೆ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಮುಂದೆ ಸ್ವಾಗತ ಕಮಾನು ಕಟ್ಟಬೇಕೆಂದು ಹಳೆಯ ವಿದ್ಯಾರ್ಥಿಗಳು ನಿಧಿ ಕೂಡಿಸುತ್ತಿದ್ದಾರೆ. ಕಮಾನು ಆಗಲಿ, ನನ್ನ ಪಾಲು ನಾನೂ ಕೊಟ್ಟಿದ್ದೇನೆ. ಅದರ ಜೊತೆಗೆ ಈ ನಾಲ್ಕು ಕೆಲಸಗಳನ್ನು ಸೇರಿಸಿಕೊಳ್ಳೋಣ ಎಂದು ಸಮಿತಿಯ ಮುಂದೆ ಇಡುತ್ತಿದ್ದೇನೆ.

ಮೊದಲನೆಯದು, ಶಾಲೆಯಲ್ಲಿ ಮೂವತ್ತು ಲೈಫ್ ಜಾಕೆಟ್ ಮತ್ತು ನಾಲ್ಕು ಎಸೆಯುವ ಹಗ್ಗಗಳು ಇರಲಿ. ಮಹಾಪೂರ ಬಂದಾಗ ನಮ್ಮ ಶಾಲೆಯ ಕೊಠಡಿಗಳೇ ಕಾಳಜಿ ಕೇಂದ್ರ ಆಗುತ್ತವೆ, ಆದ್ದರಿಂದ ಅವು ಇಡೀ ಊರಿಗೆ ಉಪಯೋಗ.

ಎರಡನೆಯದು, ಪ್ರತಿ ಜೂನ್ ಮೊದಲ ವಾರದಲ್ಲಿ ಒಂದು ದಿನ ಇದೇ ಅಂಗಳದಲ್ಲಿ ದೋಣಿ ಹತ್ತುವ ಅಭ್ಯಾಸ ಆಗಲಿ. ನೀರು ಬೇಕಿಲ್ಲ. ಅಗ್ನಿಶಾಮಕ ದಳದವರನ್ನು ವಿನಂತಿಸಿ ಒಂದು ದೋಣಿ ತರಿಸಿ ನೆಲದ ಮೇಲೆ ಇಡೋಣ. ಜಾಕೆಟ್ ತೊಡುವುದು, ಪಟ್ಟಿ ಬಿಗಿಯುವುದು, ಒಬ್ಬೊಬ್ಬರಾಗಿ ನಡುವಿಗೆ ಕಾಲಿಡುವುದು, ಕೂತ ಮೇಲೆ ಏಳದಿರುವುದು, ಇಷ್ಟನ್ನು ಅಜ್ಜಿಯರಿಂದ ಹಿಡಿದು ಮಕ್ಕಳವರೆಗೆ ಎಲ್ಲರೂ ಒಮ್ಮೆ ಮಾಡಲಿ. ಗೋವಾದಲ್ಲಿ ಮರಳಿನ ಮೇಲೆ ನಮಗೆ ಮಾಡಿಸಿದ್ದೂ ಇದನ್ನೇ.

ಮೂರನೆಯದು, ಬೇಸಿಗೆ ರಜೆಯಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳಿಗೆ ಹತ್ತು ದಿನಗಳ ತೇಲುವ ಮತ್ತು ಈಜುವ ಶಿಬಿರ. ಬೆಳಗಾವಿಯಲ್ಲಿ ಒಳ್ಳೆಯ ಈಜುಕೊಳಗಳಿವೆ, ನುರಿತ ತರಬೇತುದಾರರಿದ್ದಾರೆ. ಹೆಣ್ಣುಮಕ್ಕಳಿಗೆ ಮಹಿಳಾ ತರಬೇತುದಾರರೇ ಇರಲಿ, ಬೇರೆ ಸಮಯ ಇರಲಿ, ಮೈತುಂಬ ಉಡುಪು ಇರಲಿ. ನೆಪಗಳನ್ನು ನಾವೇ ಮೊದಲು ತೆಗೆದುಹಾಕೋಣ. ತಂದೆಯಂದಿರಲ್ಲಿ ನನ್ನ ಕೈಮುಗಿದ ಬೇಡಿಕೆ ಇದು: ಹತ್ತು ಹುಡುಗರನ್ನು ಕಳಿಸಿದರೆ ಹತ್ತು ಹುಡುಗಿಯರನ್ನೂ ಕಳಿಸಿ. ಹೊಳೆಯ ದಂಡೆಯಲ್ಲಿ ದಿನಾ ನಿಲ್ಲುವವರು ಅವರು.

ನಾಲ್ಕನೆಯದು, ದೊಡ್ಡವರಿಗಾಗಿ. ನಲವತ್ತು ದಾಟಿದ ಮೇಲೆ ಇದೆಲ್ಲ ಯಾಕೆ ಎನ್ನಬೇಡಿ. ಐವತ್ತೆಂಟರ ಬ್ಯಾಂಕ್ ನೌಕರರ ಮಾತು ಆಗಲೇ ಹೇಳಿದೆ. ಬೆನ್ನ ಮೇಲೆ ಮಲಗಿ ಐವತ್ತರವರೆಗೆ ಎಣಿಸುವಷ್ಟು ಕಲಿತರೂ ಸಾಕು, ಯಾರಾದರೂ ಹಗ್ಗ ಎಸೆಯುವವರೆಗೆ ಜೀವ ಹಿಡಿದುಕೊಳ್ಳಬಹುದು.

ಹಾಯಿದೋಣಿಯ ಮಾತು ಏನಾಯಿತು ಎಂದು ಹುಡುಗರು ಕೇಳುತ್ತಿದ್ದಾರೆ. ಅದೂ ಬರಲಿ. ಪಕ್ಕದ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಂಥ ವಿಶಾಲ ನೀರು ನಮ್ಮ ಹತ್ತಿರದಲ್ಲೇ ಇದೆ. ಇಲಾಖೆಯ ಅನುಮತಿ, ಕಲಿಸುವವರು, ಕಾವಲು ದೋಣಿ ಎಲ್ಲ ಕೂಡಿ ಬಂದರೆ ಒಂದು ದಿನ ನಮ್ಮ ಮಕ್ಕಳೂ ಅಲ್ಲಿ ಹಾಯಿ ಬಿಚ್ಚಬಹುದು. ಆದರೆ ಆ ಮೆಟ್ಟಿಲು ಆಮೇಲಿನದು. ಮೊದಲು ತೇಲುವುದು, ಆಮೇಲೆ ಈಜು, ಆಮೇಲೆ ದೋಣಿ, ಆಮೇಲೆ ಹಾಯಿ.

ಈ ನಾಲ್ಕು ಕೆಲಸಗಳಿಗೆ ಮೊದಲ ವರ್ಷದ ಜಾಕೆಟ್‌ಗಳ ಖರ್ಚನ್ನು ನಮ್ಮ ತಂಡದ ಗೆಳೆಯರು ಕೂಡಿ ಕೊಡುತ್ತೇವೆ. ಶಿಬಿರದ ಹತ್ತು ದಿನ ನಾನೇ ರಜೆ ಹಾಕಿ ಮಕ್ಕಳ ಜೊತೆ ಬರುತ್ತೇನೆ. ಹೆಸರು ಬರೆಯುವ ವಹಿ ಸ್ವಾಗತ ಮೇಜಿನ ಮೇಲೆ ಇದೆ. ಊಟಕ್ಕೆ ಹೋಗುವ ಮೊದಲು ದಯವಿಟ್ಟು ಒಮ್ಮೆ ಅತ್ತ ಹಾಯ್ದು ಹೋಗಿ. ಹೊಳೆ ಮತ್ತೆ ಬರುತ್ತದೆ, ಅದು ನಮ್ಮ ಕೈಯಲ್ಲಿಲ್ಲ. ಅದು ಬರುವ ಹೊತ್ತಿಗೆ ನಮ್ಮ ಶಾಲೆಯ ಮಕ್ಕಳಿಗೆ ನೀರು ಗೊತ್ತಿರಲಿ.



ಜೈ ಹಿಂದ್. ಜೈ ಕರ್ನಾಟಕ.